ಬಾಲಿಯ ಹಳ್ಳಿಯಲ್ಲಿ ನೆಲೆ ಹುಡುಕುವವರಿಗೆ

ಬಾಲಿ ನೋಡಿ ಬಂದ ಹಲವರ ಬಾಯಲ್ಲಿ ಒಂದೇ ಮಾತು: 'ಅಲ್ಲೊಂದು ತುಂಡು ಜಾಗ ಸಿಕ್ಕರೆ ಇದ್ದುಬಿಡಬಹುದು.' ಕಡಲತೀರದ ಬೆಲೆ ಏರಿದ ಮೇಲೆ ದಲ್ಲಾಳಿಗಳು ಒಳನಾಡಿನ ಗದ್ದೆಬಯಲುಗಳತ್ತ ಕೈ ತೋರಿಸತೊಡಗಿದ್ದಾರೆ. ಆ ಆಸೆ ಹೊತ್ತು ಹಳ್ಳಿ ನೋಡಲು ಹೊರಡುವವರಿಗಾಗಿ ಈ ಮಾರ್ಗದರ್ಶಿ. ಉದಾಹರಣೆಗೆ ತಬನಾನ್ ಜಿಲ್ಲೆಯ ಪೆನೆಬೆಲ್ ಭಾಗವನ್ನು, ಅದರಲ್ಲೂ ಬತುಕಾರು ಬೆಟ್ಟದ ಮಡಿಲಿನ ಜಾತಿಲುವಿಹ್ ಮತ್ತು ಅದರ ನೆರೆಯ ಊರುಗಳನ್ನು ಆರಿಸಿಕೊಂಡಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಡೋನೇಷ್ಯಾದಲ್ಲಿ ವಿದೇಶಿಯರಿಗೆ ಭೂಮಿಯ ಪೂರ್ಣ ಒಡೆತನ ಸಿಗುವುದಿಲ್ಲ. ಸಿಗುವುದು ಕೆಲವು ವರ್ಷಗಳ ಬಳಕೆಯ ಹಕ್ಕು. ಹಾಗಾಗಿ ಮೊದಲ ಪ್ರವಾಸದಲ್ಲಿ ಯಾರಿಗೂ ಮುಂಗಡ ಕೊಡಬೇಡಿ. ಊರೊಳಗೆ ಇದ್ದು, ಆ ಬದುಕು ನಿಮಗೆ ಹೊಂದುತ್ತದೆಯೇ ನೋಡಿ.

ಯಾವಾಗ, ಹೇಗೆ ಹೋಗಬೇಕು

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಪ್ರವಾಸಿಗರಿಗೆ ಒಣಹವೆ ಹಿತ. ನೆಲೆ ಹುಡುಕುವವರು ಮಾತ್ರ ಜನವರಿ-ಫೆಬ್ರವರಿಯ ಮಳೆಯಲ್ಲಿ ಒಮ್ಮೆ ಹೋಗಲೇಬೇಕು. ದಾರಿ ಎಲ್ಲಿ ಕೊಚ್ಚಿಹೋಗುತ್ತದೆ, ದರೆ ಎಲ್ಲಿ ಕುಸಿಯುತ್ತದೆ, ಗೋಡೆಗೆ ಎಷ್ಟು ಬೂಸ್ಟು ಹಿಡಿಯುತ್ತದೆ ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ.

ಬಾಲಿಯ ಶಕ ಪಂಚಾಂಗದ ಹೊಸವರ್ಷವಾದ ನ್ಯೇಪಿ ಹಲವು ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2025ರಲ್ಲಿ ಮಾರ್ಚ್ 29 ನ್ಯೇಪಿ, ಮರುದಿನ ಯುಗಾದಿ. ನ್ಯೇಪಿಯಂದು ಇಡೀ ದ್ವೀಪ 24 ಗಂಟೆ ಮೌನ ಆಚರಿಸುತ್ತದೆ. ವಿಮಾನ ನಿಲ್ದಾಣ ಮುಚ್ಚಿರುತ್ತದೆ, ಯಾರೂ ಮನೆಯಿಂದ ಹೊರಬರುವಂತಿಲ್ಲ, ದೀಪ ಕಾಣುವಂತಿಲ್ಲ. ಟಿಕೆಟ್ ಕಾಯ್ದಿರಿಸುವ ಮುನ್ನ ಆ ದಿನಾಂಕ ನೋಡಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಆಗಮನದ ವೀಸಾ ಸಿಗುತ್ತದೆ. ಶುಲ್ಕ 5 ಲಕ್ಷ ರುಪಿಯಾ, ಅವಧಿ 30 ದಿನ. ಇನ್ನೊಂದು 30 ದಿನಕ್ಕೆ ಒಮ್ಮೆ ವಿಸ್ತರಿಸಬಹುದು. ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. 2024ರ ಫೆಬ್ರವರಿಯಿಂದ ಬಾಲಿ ಪ್ರಾಂತ್ಯ ವಿದೇಶಿ ಪ್ರವಾಸಿಗರಿಂದ 1.5 ಲಕ್ಷ ರುಪಿಯಾ ಪ್ರತ್ಯೇಕವಾಗಿ ವಸೂಲು ಮಾಡುತ್ತಿದೆ. ಈ ವೀಸಾದಲ್ಲಿ ಊರು, ಜಾಗ ನೋಡಬಹುದು. ದುಡಿಯುವಂತಿಲ್ಲ, ಮನೆ ಬಾಡಿಗೆಗೆ ಬಿಟ್ಟು ವ್ಯಾಪಾರ ಮಾಡುವಂತಿಲ್ಲ. ಸಿಕ್ಕಿಬಿದ್ದವರನ್ನು ಗಡೀಪಾರು ಮಾಡುತ್ತಾರೆ.

ವಿಮಾನ ನಿಲ್ದಾಣದಿಂದ ಜಾತಿಲುವಿಹ್‌ಗೆ ಕಾರಿನಲ್ಲಿ ಸುಮಾರು ಎರಡು ಗಂಟೆ, ದಟ್ಟಣೆಯಿದ್ದರೆ ಇನ್ನೂ ಹೆಚ್ಚು. ಬಸ್ಸನ್ನು ನೆಚ್ಚಿಕೊಳ್ಳುವಂತಿಲ್ಲ, ಚಾಲಕನ ಸಹಿತ ಕಾರು ಗೊತ್ತು ಮಾಡಿಕೊಳ್ಳಿ. ಸ್ಕೂಟರ್ ಓಡಿಸುವುದಾದರೆ ಹೊರಡುವ ಮುನ್ನವೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ದ್ವಿಚಕ್ರ ವಾಹನ ಸೇರಿದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ.

ಹಳ್ಳಿಯಲ್ಲಿ ದಿನ ಕಳೆಯುವುದು

ರೆಸಾರ್ಟ್ ಬಿಟ್ಟು ಊರಿನವರ ಮನೆಯಲ್ಲೇ ನಡೆಯುವ ಹೋಮ್‌ಸ್ಟೇ ಹಿಡಿಯಿರಿ. ಬಾಲಿಯ ಮನೆಯೆಂದರೆ ಒಂದೇ ಆವರಣದೊಳಗೆ ಬಿಡಿಬಿಡಿಯಾಗಿ ನಿಂತ ಕೋಣೆಗಳು, ಅಡುಗೆಮನೆ, ಮೂಲೆಯಲ್ಲಿ ಕುಟುಂಬದ ಗುಡಿ. ಬೆಳಿಗ್ಗೆ ಬಾಗಿಲಲ್ಲಿ, ಒಲೆಯ ಬಳಿ, ಗುಡಿಯಲ್ಲಿ ಗರಿಯ ಪುಟ್ಟ ತಟ್ಟೆಗಳಲ್ಲಿ ಹೂವಿನ ಎಡೆ ಇಡುತ್ತಾರೆ. ಅದನ್ನು ತುಳಿಯದೆ ನಡೆಯಿರಿ. ದೇವಸ್ಥಾನಕ್ಕೆ ಹೋಗುವಾಗ ಸೊಂಟದಿಂದ ಕೆಳಗೆ ಪಂಚೆಯಂಥ ಬಟ್ಟೆ, ಮೇಲೆ ನಡುಕಟ್ಟು ಕಡ್ಡಾಯ. ಮುಟ್ಟಾದವರಿಗೂ ಸೂತಕದಲ್ಲಿರುವವರಿಗೂ ಒಳಗೆ ಪ್ರವೇಶವಿಲ್ಲ.

ಊಟದಲ್ಲಿ ಅನ್ನ, ತೋಫು, ಟೆಂಪೆ, ತೆಂಗಿನತುರಿ ಬೆರೆಸಿದ ಸೊಪ್ಪಿನ ಉರಾಪ್ ಧಾರಾಳ. ಜಾತಿಲುವಿಹ್‌ನ ಕೆಂಪಕ್ಕಿ ಹೆಸರುವಾಸಿ. ಆ ಅಕ್ಕಿ ಹುರಿದು ಮಾಡುವ ಕಷಾಯವನ್ನೂ ಕುಡಿದು ನೋಡಿ. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು: ಸಂಬಲ್ ಎಂಬ ಖಾರದ ಚಟ್ನಿಗೂ ಎಷ್ಟೋ ಪಲ್ಯಗಳಿಗೂ ತೆರಾಸಿ ಎಂಬ ಸೀಗಡಿ ಪೇಸ್ಟ್ ಬೀಳುತ್ತದೆ. 'ತನ್ಪಾ ದಾಗಿಂಗ್, ತನ್ಪಾ ಇಕಾನ್, ತನ್ಪಾ ತೆರಾಸಿ' ಎಂದು ಮೊದಲೇ ಹೇಳಿಬಿಡಿ: ಮಾಂಸ, ಮೀನು, ತೆರಾಸಿ ಬೇಡ ಎಂದರ್ಥ.

ನಲ್ಲಿ ನೀರು ಕುಡಿಯಬೇಡಿ. ಮನೆಮನೆಗೆ ದೊಡ್ಡ ಕ್ಯಾನಿನ ನೀರು ಬರುತ್ತದೆ. ಅನೇಕ ಮನೆಗಳಲ್ಲಿ ವಿದ್ಯುತ್ತಿಗೆ ಮೊದಲೇ ಹಣ ಕಟ್ಟಿ ಮೀಟರಿಗೆ ಟೋಕನ್ ಸಂಖ್ಯೆ ಒತ್ತಬೇಕು. ಡೆಂಗಿ ಇದೆ, ನಾಯಿಗಳಲ್ಲಿ ರೇಬೀಸ್ ಇದೆ, ದೊಡ್ಡ ಆಸ್ಪತ್ರೆಗೆ ತಬನಾನ್ ಪಟ್ಟಣಕ್ಕೋ ಡೆನ್ಪಸಾರ್‌ಗೋ ಇಳಿಯಬೇಕು. ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ನೆಲೆಸುವ ಯೋಚನೆ ಇದ್ದರೆ ರಾತ್ರಿ ಹೊತ್ತು ಆ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ.

ಊರನ್ನು ಆಳುವವರು ಯಾರು

ಒಂದೇ ಹಳ್ಳಿಗೆ ಎರಡು ಆಡಳಿತ. ಸರ್ಕಾರದ ಪಂಚಾಯಿತಿಯಂಥದ್ದು 'ದೇಸಾ ದಿನಾಸ್'. ಅದರ ಮುಖ್ಯಸ್ಥ ಪೆರ್ಬೆಕೆಲ್. ದೇವರು, ಸಾವು, ಮದುವೆ, ಕಟ್ಟುಪಾಡುಗಳನ್ನು ನೋಡಿಕೊಳ್ಳುವುದು 'ದೇಸಾ ಅದತ್'. ಕೆಳಗಿನ ಹಂತದಲ್ಲಿ ಬಂಜಾರ್ ಎಂಬ ಕೇರಿಕೂಟ. ಕುಲ್ಕುಲ್ ಎಂಬ ಮರದ ವಾದ್ಯ ಬಡಿದರೆ ಸದಸ್ಯರು ಕೆಲಸ ಬಿಟ್ಟು ಸೇರಬೇಕು; ದೇವಸ್ಥಾನದ ಸೇವೆಗೂ ಶವಸಂಸ್ಕಾರಕ್ಕೂ ಪ್ರತಿ ಮನೆಯಿಂದ ಜನ ಬರಬೇಕು. ಅದತ್ ಊರುಗಳ ಕುರಿತ 2019ರ ಪ್ರಾಂತೀಯ ಕಾನೂನಿನ ಪ್ರಕಾರ ಹೊರಗಿನಿಂದ ಬಂದು ನೆಲೆಸುವ ನೀವು ಹಿಂದೂ ಆಗಿದ್ದರೂ 'ತಮಿಯು', ಅಂದರೆ ಅತಿಥಿ. ಊರಿನ ನಿಯಮ ನಿಮಗೂ ಅನ್ವಯಿಸುತ್ತದೆ, ವಂತಿಗೆಯೂ ಬರಬಹುದು, ತೀರ್ಮಾನದಲ್ಲಿ ಪಾಲು ಇರುವುದಿಲ್ಲ.

ಗದ್ದೆಯ ನೀರಿನ ಒಡೆಯ ಇನ್ನೊಂದು ಕೂಟ, ಸುಬಕ್. ಯಾರ ಗದ್ದೆಗೆ ಎಂದು ನೀರು, ಯಾವಾಗ ನಾಟಿ, ಯಾವಾಗ ಬೀಳು ಎಂಬುದನ್ನು ರೈತರು ನೀರಿನ ಗುಡಿಯಲ್ಲಿ ಕೂಡಿ ನಿರ್ಧರಿಸುತ್ತಾರೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು ಬಿಡುವಿಲ್ಲದೆ ಬೆಳೆಯಿರಿ ಎಂದಾಗ ಆ ಹೊಂದಾಣಿಕೆ ಮುರಿದು ಕೀಟಬಾಧೆ ಹೆಚ್ಚಿತು. ಅಕ್ಕಪಕ್ಕದ ಗದ್ದೆಗಳು ಒಟ್ಟಿಗೆ ಬೀಳು ಬಿದ್ದಾಗಲೇ ಕೀಟಕ್ಕೆ ಆಹಾರ ತಪ್ಪುತ್ತದೆ ಎಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರ ಅಧ್ಯಯನ ಬಿಡಿಸಿ ತೋರಿಸಿತು. ಈ ಸುಬಕ್ ವ್ಯವಸ್ಥೆಗೆ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆ ಕೊಟ್ಟಿತು, ಜಾತಿಲುವಿಹ್ ಅದರೊಳಗಿದೆ. ಮೇಲಿನ ಮಡಿಯಲ್ಲಿ ಒಂದು ವಿಲ್ಲಾ ಎದ್ದು ಕಾಲುವೆ ಕೆಟ್ಟರೆ ಕೆಳಗಿನ ಗದ್ದೆಗಳೆಲ್ಲ ಸೊರಗುತ್ತವೆ. ಗದ್ದೆ ಮುಚ್ಚಿ ಕಟ್ಟುವ ಮನೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡವೆನ್ನಿ.

ನೆಲದ ಹಕ್ಕು

1960ರ ಭೂ ಕಾನೂನಿನಂತೆ 'ಹಕ್ ಮಿಲಿಕ್' ಎಂಬ ಪೂರ್ಣ ಒಡೆತನ ಇಂಡೋನೇಷ್ಯಾದ ಪ್ರಜೆಗಳಿಗೆ ಮಾತ್ರ. ಕೃಷಿಭೂಮಿಯಲ್ಲಿ ನಿಯಮ ಇನ್ನೂ ಬಿಗಿ: ಜಮೀನಿರುವ ತಾಲ್ಲೂಕಿನಲ್ಲೇ ಒಡೆಯ ವಾಸಿಸಬೇಕೆಂದು 1961ರ ನಿಯಮ ಹೇಳುತ್ತದೆ. 2020ರ ತಿದ್ದುಪಡಿಗೆ ಮುನ್ನ ಕೃಷಿಕರಲ್ಲದವರು ಜಮೀನು ಕೊಳ್ಳಲು ಕರ್ನಾಟಕದಲ್ಲಿ ಇದ್ದ ತಡೆ ನೆನಪಿರುವವರಿಗೆ ಇದರ ಉದ್ದೇಶ ತಿಳಿಯುತ್ತದೆ.

ವಿದೇಶಿಯರಿಗೆ ತೆರೆದಿರುವ ದಾರಿ ಮೂರು. ಒಂದು, 'ಹಕ್ ಪಕೈ' ಎಂಬ ಬಳಕೆಯ ಹಕ್ಕು: 30 ವರ್ಷ, ಮುಂದೆ 20, ಆಮೇಲೆ ಮತ್ತೆ 30. ವೀಸಾ ಅಥವಾ ವಾಸದ ಪರವಾನಗಿಯಂಥ ಮಾನ್ಯ ವಲಸೆ ದಾಖಲೆ ಬೇಕು. ಬಾಲಿಯಲ್ಲಿ ಮನೆಯ ಬೆಲೆ ಕನಿಷ್ಠ 500 ಕೋಟಿ ರುಪಿಯಾ ಇರಬೇಕು. ನಮ್ಮ ರೂಪಾಯಿಗೆ ಸುಮಾರು 190 ರುಪಿಯಾ ಎಂದು ಹಿಡಿದರೆ ಅದು ಎರಡೂವರೆ ಕೋಟಿಯನ್ನು ಮೀರುತ್ತದೆ. ಎರಡು, ವಿದೇಶಿ ಬಂಡವಾಳದ ಕಂಪನಿ ಸ್ಥಾಪಿಸಿ ಕಟ್ಟಡದ ಹಕ್ಕು ಪಡೆಯುವುದು. ಸಾಮಾನ್ಯ ನಿಯಮದಂತೆ ಹೂಡಿಕೆ 1,000 ಕೋಟಿ ರುಪಿಯಾ ಮೀರಬೇಕು. ಮೂರು, ಗುತ್ತಿಗೆ. ಹಳ್ಳಿಗಳಲ್ಲಿ ಹೆಚ್ಚಿನವರು ಹಿಡಿಯುವುದು ಇದನ್ನೇ: 25-30 ವರ್ಷಕ್ಕೆ ಪೂರ್ತಿ ಹಣ ಒಮ್ಮೆಗೇ.

'ನಮ್ಮೂರಿನವರ ಹೆಸರಲ್ಲಿ ಕೊಳ್ಳಿ, ಒಳಒಪ್ಪಂದ ಮಾಡಿಕೊಳ್ಳೋಣ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದುಬನ್ನಿ. ಅದೇ 1960ರ ಕಾನೂನು ಇಂಥ ಬೇನಾಮಿ ವ್ಯವಹಾರವನ್ನು ಅಸಿಂಧು ಎನ್ನುತ್ತದೆ. ಭೂಮಿ ಸರ್ಕಾರದ ಪಾಲಾಗುತ್ತದೆ, ಕೊಟ್ಟ ಹಣ ವಾಪಸು ಕೇಳುವಂತಿಲ್ಲ.

ಗುತ್ತಿಗೆಗೆ ಸಹಿ ಹಾಕುವ ಮುನ್ನ

• ಅಳತೆ, ಬೆಲೆ: ಅಲ್ಲಿ ಲೆಕ್ಕ 'ಆರೆ'ಯಲ್ಲಿ. ಒಂದು ಆರೆ 100 ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಗುಂಟೆ. ಬೆಲೆ ಹೇಳುವುದು ಆರೆಗೆ, ವರ್ಷಕ್ಕೆ. ಉದಾಹರಣೆಗೆ 50 ಲಕ್ಷ ರುಪಿಯಾ ಎಂದರೆ 5 ಆರೆಗೆ 25 ವರ್ಷಕ್ಕೆ 62.5 ಕೋಟಿ ರುಪಿಯಾ, ಅಂದರೆ ಸುಮಾರು 33 ಲಕ್ಷ ರೂಪಾಯಿ. ಮನೆ ಕಟ್ಟುವ ಖರ್ಚು ಬೇರೆ.

• ದಾಖಲೆ: ಮೂಲ ಪ್ರಮಾಣಪತ್ರವನ್ನು ಭೂ ಕಚೇರಿಯಲ್ಲಿ, ನೀವೇ ಗೊತ್ತು ಮಾಡಿದ ನೋಟರಿಯ ಮೂಲಕ ಪರಿಶೀಲಿಸಿ. ದೇವಸ್ಥಾನದ ಜಮೀನು, ಊರಿಗೆ ಸೇರಿದ ಜಮೀನು ಇವುಗಳಿಂದ ದೂರವಿರಿ.

• ಸಹಿ: ಜಮೀನು ಬಹುಪಾಲು ಪಿತ್ರಾರ್ಜಿತ. ಮಾಲೀಕನ ಜೊತೆ ಪತ್ನಿ, ಅಣ್ಣತಮ್ಮಂದಿರು, ಇತರ ಹಕ್ಕುದಾರರೂ ಸಹಿ ಹಾಕಬೇಕು.

• ವಲಯ: ಹಸಿರು ವಲಯದಲ್ಲೋ ಸಂರಕ್ಷಿತ ಗದ್ದೆಯಲ್ಲೋ ಮನೆಗೆ ಅನುಮತಿ ಇಲ್ಲ. ದೊಡ್ಡ ದೇವಸ್ಥಾನಗಳ ಸುತ್ತಲೂ ಕಟ್ಟಡ ನಿರ್ಬಂಧವಿದೆ. ಕಟ್ಟಡಕ್ಕೆ ಪಿಬಿಜಿ ಎಂಬ ಪರವಾನಗಿ ಬೇಕು.

• ದಾರಿ: ರಸ್ತೆಯವರೆಗಿನ ದಾರಿ ಯಾರದು? ಪಕ್ಕದವರ ಬದುವಿನ ಮೇಲಿನ ಬಾಯಿಮಾತಿನ ದಾರಿ ನಾಳೆ ಮುಚ್ಚಬಹುದು, ಬರಹದಲ್ಲಿ ಪಡೆಯಿರಿ.

• ಕರಾರು: ಇಂಡೋನೇಷ್ಯಾ ಭಾಷೆಯ ಪ್ರತಿ ಇರಲೇಬೇಕು. ವಿಸ್ತರಣೆಯ ಬೆಲೆ ಹೇಗೆ ನಿಗದಿಯಾಗುತ್ತದೆ, ಅವಧಿ ಮುಗಿದ ಮೇಲೆ ಕಟ್ಟಡ ಯಾರಿಗೆ, ನಿಮ್ಮ ನಂತರ ಮಕ್ಕಳಿಗೆ ಹಕ್ಕು ಸಲ್ಲುತ್ತದೆಯೇ, ಗುತ್ತಿಗೆಯ ಮೇಲಿನ ಶೇ 10ರ ತೆರಿಗೆ ಯಾರು ಕಟ್ಟಬೇಕು ಎಂಬುದೆಲ್ಲ ಅದರಲ್ಲಿರಲಿ.

ನಮ್ಮ ಕಡೆಯ ಕಾನೂನು

ಭಾರತದ ನಿವಾಸಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಐದು ವರ್ಷ ಮೀರದ ಗುತ್ತಿಗೆಗೆ ವಿದೇಶಿ ಸ್ಥಿರಾಸ್ತಿಯ ನಿಯಮ ಅನ್ವಯಿಸುವುದಿಲ್ಲ. ಅದಕ್ಕಿಂತ ದೀರ್ಘವಾದದ್ದಕ್ಕೆ ಬ್ಯಾಂಕಿನ ಮೂಲಕವೇ, ಉದ್ದೇಶ ತಿಳಿಸಿ ಹಣ ಕಳಿಸಿ. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ ಶೇ 20ರಷ್ಟು ತೆರಿಗೆ ಹಿಡಿಯುತ್ತದೆ; ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ವಿದೇಶಿ ಆಸ್ತಿಯನ್ನು ರಿಟರ್ನಿನಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಯಾರಿಗೆ ಹೊಂದುತ್ತದೆ

ಬೆಲೆ ಏರಿ ಲಾಭ ಬರಲೆಂದು ಹಣ ಹಾಕುವವರಿಗೆ ಈ ಹಳ್ಳಿ ಸರಿಯಲ್ಲ. ವರ್ಷ ಕಳೆದಂತೆ ಗುತ್ತಿಗೆಯ ಅವಧಿ ಕರಗುತ್ತದೆ, ಅದರ ಬೆಲೆಯೂ ಕರಗುತ್ತದೆ. ಬಿಡುವಿನ ತಿಂಗಳುಗಳನ್ನು ಅಲ್ಲಿ ಕಳೆಯಬೇಕು, ಭಾಷೆ ಕಲಿಯಬೇಕು, ಊರಿನ ಹಬ್ಬಕ್ಕೆ ಕೈಜೋಡಿಸಬೇಕು ಎನ್ನುವವರಿಗೆ ಅದು ತುಂಬು ಬದುಕು ಕೊಟ್ಟೀತು. ಅಂಥವರೂ ಹಂತಹಂತವಾಗಿ ಮುಂದುವರಿಯಲಿ: ಮೊದಲು ಹೋಮ್‌ಸ್ಟೇ, ಆಮೇಲೆ ಸರಿಯಾದ ವೀಸಾ ಪಡೆದು ಒಂದು ವರ್ಷಕ್ಕೆ ಊರೊಳಗಿನ ಹಳೆಯ ಮನೆ ಬಾಡಿಗೆಗೆ. ಆ ಮನೆಯಲ್ಲಿ ಒಂದು ಮಳೆಗಾಲವನ್ನೂ ಒಂದು ನ್ಯೇಪಿಯನ್ನೂ ಕಳೆಯಿರಿ, ಬಂಜಾರ್‌ನ ಮುಖ್ಯಸ್ಥರನ್ನೂ ಸುಬಕ್‌ನ ಮುಖ್ಯಸ್ಥರಾದ ಪೆಕಸೆಯವರನ್ನೂ ಕಂಡು ಮಾತಾಡಿ. ನೀವು ನೆಲೆಸುವುದು ಅವರಿಬ್ಬರಿಗೂ ಒಪ್ಪಿಗೆಯಾದರೆ ಮಾತ್ರ ನೋಟರಿಯ ಬಳಿ ಹೋಗಿ.