ಅಂಗಡಿ ಪರವಾನಗಿಗೆ ಆನ್‌ಲೈನ್ ಅರ್ಜಿ: ಮಾಡಬೇಕಾದ್ದು, ಮಾಡಬಾರದ್ದು

ಪುರಸಭೆ ವ್ಯಾಪ್ತಿಯ ಅಂಗಡಿ, ಖಾನಾವಳಿ, ಹಿಟ್ಟಿನ ಗಿರಣಿ, ಬೇಕರಿ, ಗ್ಯಾರೇಜು ನಡೆಸುವವರೆಲ್ಲರ ಗಮನಕ್ಕೆ. ಉದ್ದಿಮೆ ಪರವಾನಗಿಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕೊನೆಯ ವಾರದವರೆಗೆ ಕಾಯಬೇಡಿ.

ಮಾಡಬೇಕಾದ್ದು

ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ಇದನ್ನೇ ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ. ಖಾನಾವಳಿ ನಡೆಸುವ ಅಮ್ಮನೊಬ್ಬರು ನವೀಕರಣಕ್ಕೆ ಬಂದಿದ್ದರು. ಹಿಂದಿನ ವರ್ಷ ಅರ್ಜಿ ತುಂಬಿಕೊಟ್ಟ ಹುಡುಗ ತನ್ನ ನಂಬರನ್ನೇ ಹಾಕಿದ್ದ. ಈಗ ಅವನು ಊರು ಬಿಟ್ಟಿದ್ದಾನೆ, ಒಟಿಪಿ ಮಾತ್ರ ಅವನ ಫೋನಿಗೇ ಹೋಗುತ್ತಿದೆ. ಅವರ ಕೈಚೀಲದಲ್ಲಿದ್ದ ಕಂದಾಯ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಮಡಿಕೆಯ ಗೆರೆ ಬಿದ್ದ ಕಡೆಯೇ ಆಸ್ತಿ ಸಂಖ್ಯೆ ಅಳಿಸಿಹೋಗಿತ್ತು. ಮೂರು ದಿನದ ವ್ಯಾಪಾರ ಬಿಟ್ಟು ಅವರು ನಮ್ಮ ಬೆಂಚಿನ ಮೇಲೆ ಕೂತರು. ಇನ್ನೊಬ್ಬರಿಗೆ ಹಾಗಾಗಬಾರದು.

ರಸೀದಿ ಮಾಸಿದ್ದರೆ ಕಂದಾಯ ಶಾಖೆಯಿಂದ ಮೊದಲು ನಕಲು ಪಡೆಯಿರಿ. ಬಾಡಿಗೆ ಕರಾರಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ರೀತಿ ಇದೆಯೇ, ನೋಡಿಕೊಳ್ಳಿ. ಕಾಗದದ ನಾಲ್ಕೂ ಅಂಚು ಕಾಣುವಂತೆ, ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ.

ಅರ್ಜಿ ಸಲ್ಲಿಸಿದೊಡನೆ ಸಕಾಲ ಸಂಖ್ಯೆ ಕೇಳಿ ಪಡೆದು ಬರೆದಿಟ್ಟುಕೊಳ್ಳಿ. 2011ರ ಸಕಾಲ ಕಾಯ್ದೆ ನಿಮ್ಮ ಪರವಾಗಿಯೇ ಇದೆ: ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆ ಸಂಖ್ಯೆ ಇಲ್ಲದಿದ್ದರೆ ಕೇಳುವುದಕ್ಕೆ ಆಧಾರವೇ ಇಲ್ಲ.

ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಲಿ. ಬೋರ್ಡ್ ಬರೆಸುವ ಮೊದಲೇ ಇದನ್ನು ನೆನಪಿಡಿ.

ಮಾಡಬಾರದ್ದು

ಉದ್ಯಮ್ ಪ್ರಮಾಣಪತ್ರ ಇದ್ದರೆ ಸಾಕು ಎಂದುಕೊಳ್ಳಬೇಡಿ. ಅದು ಕೇಂದ್ರ ಸರ್ಕಾರದ ನೋಂದಣಿ. ಜಿಎಸ್‌ಟಿಯೂ ಬೇರೆ, ತಿಂಡಿ ಮಾರುವವರಿಗೆ ಬೇಕಾದ ಆಹಾರ ಸುರಕ್ಷತಾ ನೋಂದಣಿಯೂ ಬೇರೆ. ಯಾವುದೂ ಪುರಸಭೆಯ ಪರವಾನಗಿಗೆ ಬದಲಿಯಲ್ಲ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಸರ್ಕಾರಿ ಲಾಂಛನ ಹಾಕಿಕೊಂಡು ಸಾವಿರ, ಎರಡು ಸಾವಿರ ಕೇಳುವ ಖಾಸಗಿ ಜಾಲತಾಣಗಳಿಗೆ ದುಡ್ಡು ಕಟ್ಟಬೇಡಿ.

ಶುಲ್ಕವನ್ನು ಯಾರ ಕೈಗೂ, ಯಾರ ಫೋನ್‌ಪೇಗೂ ಹಾಕಬೇಡಿ. ನಮ್ಮ ಸಿಬ್ಬಂದಿ ಕೇಳಿದರೂ ಕೊಡಬೇಡಿ. ಚಲನ್ ಮೂಲಕವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಬಾಡಿಗೆಗಿದ್ದ ಹಿಂದಿನವರ ಪರವಾನಗಿಯನ್ನು ಗೋಡೆಗೆ ತೂಗುಹಾಕಿ ವ್ಯಾಪಾರ ನಡೆಸಬೇಡಿ. ಚಿಕ್ಕ ಅಂಗಡಿ ಎಂದು ಅಳತೆಯನ್ನೂ ಕಡಿಮೆ ತೋರಿಸಬೇಡಿ. ಸ್ಥಳ ಪರಿಶೀಲನೆಗೆ ಬಂದವರು ಟೇಪು ಹಿಡಿದೇ ನೋಡುತ್ತಾರೆ.

ಕೌಂಟರಿನಲ್ಲಿ ಕೂರುವ ಸಿಬ್ಬಂದಿಗೆ

ಇಂದು ಒಂದು ಕಾಗದ, ನಾಳೆ ಇನ್ನೊಂದು ಎಂದು ಯಾರನ್ನೂ ಅಲೆಸಕೂಡದು. ಕೊರತೆಗಳನ್ನೆಲ್ಲ ಒಂದೇ ಸಲ, ಕನ್ನಡದಲ್ಲಿ ಬರೆದುಕೊಡಿ. ಓದು ಬಾರದವರಿಗೆ ತುಂಬಿದ ಅರ್ಜಿಯನ್ನು ಪೂರ್ತಿ ಓದಿ ಹೇಳಿ, ಅವರು ಹೂಂ ಅಂದ ಮೇಲಷ್ಟೇ ಸಲ್ಲಿಸಿ.