ಗಾಜಿನ ಕೋಣೆಗೆ ಮರೆ: ವಿದ್ಯುತ್ ನಿಯಂತ್ರಿತ ಗಾಜೋ, ಫಿಲ್ಮೋ?

ಸಭಾಕೊಠಡಿಗೂ ಆಭರಣ ಮಳಿಗೆಯ ಒಳಕೋಣೆಗೂ ಗಾಜಿನ ಗೋಡೆ ಹಾಕಿಸುವ ಉದ್ಯಮಿಗಳು ಮರೆಗಾಗಿ ವಿದ್ಯುತ್ ನಿಯಂತ್ರಿತ ಗಾಜನ್ನು ಕೊಳ್ಳಬೇಕೇ, ಇರುವ ಗಾಜಿಗೇ ಅದೇ ಗುಣದ ಫಿಲ್ಮ್ ಅಂಟಿಸಬೇಕೇ ಎಂಬುದನ್ನು ಬೆಲೆಪಟ್ಟಿ ನೋಡಿಯೇ ತೀರ್ಮಾನಿಸುವುದುಂಟು. ಅದು ಸಾಲದು.

ಎರಡರಲ್ಲೂ ಕೆಲಸ ಮಾಡುವ ಪದರ ಸಾಮಾನ್ಯವಾಗಿ ಒಂದೇ. ಪಾಲಿಮರ್‌ನಲ್ಲಿ ಹುದುಗಿದ ದ್ರವಸ್ಫಟಿಕದ ಸೂಕ್ಷ್ಮ ಹನಿಗಳು ವಿದ್ಯುತ್ ಪೂರೈಕೆಯಾದಾಗ ಒಂದೇ ದಿಕ್ಕಿಗೆ ಹೊಂದಿಕೊಂಡು ಬೆಳಕನ್ನು ನೇರವಾಗಿ ಹಾಯಗೊಡುತ್ತವೆ. ಪೂರೈಕೆ ನಿಂತೊಡನೆ ಬೆಳಕು ಚದುರಿ ಗಾಜು ಹಾಲಿನಂತೆ ಬೆಳ್ಳಗಾಗುತ್ತದೆ. ಆದ್ದರಿಂದ ವಿದ್ಯುತ್ ಕಡಿತವಾದರೂ ಸಭೆಯ ಗೋಪ್ಯತೆಗೆ ಭಂಗವಿಲ್ಲ. ಪ್ರದರ್ಶನ ಕಿಟಕಿಗೆ ಇದನ್ನೇ ಬಳಸಿದ ವರ್ತಕರ ಸರಕು ಮಾತ್ರ ಆ ಹೊತ್ತಿನಲ್ಲಿ ಗಿರಾಕಿಗೆ ಕಾಣದು. ಅಂಥವರು ಯುಪಿಎಸ್ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು. ಇದು ನೋಟವನ್ನು ತಡೆಯುತ್ತದೆಯೇ ಹೊರತು ಕೋಣೆಯನ್ನು ಕತ್ತಲಾಗಿಸುವುದಿಲ್ಲ.

ವ್ಯತ್ಯಾಸವಿರುವುದು ರಕ್ಷಣೆಯಲ್ಲಿ. ಸಿದ್ಧ ಗಾಜಿನಲ್ಲಿ ಪದರವು ಎರಡು ಹಾಳೆಗಳ ನಡುವೆ ಭದ್ರವಾಗಿರುತ್ತದೆ. ಆದರೆ ತಯಾರಾದ ಮೇಲೆ ಅದನ್ನು ಕತ್ತರಿಸಲಾಗದು. ಅಳತೆ ತಪ್ಪಿದರೆ ಇಡೀ ಹಲಗೆಯೇ ನಷ್ಟ. ಬಾಡಿಗೆ ಕಟ್ಟಡದಲ್ಲಿರುವವರಿಗೆ ಫಿಲ್ಮೇ ಅನುಕೂಲ. ಗೋಡೆ ಕಳಚಬೇಕಿಲ್ಲ, ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಅದರ ಅಂಚುಗಳಿಗೆ ತೇವ ತಗಲಬಾರದು, ಒರಟು ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಉಬ್ಬುಚಿತ್ತಾರದ ಗಾಜಿಗೆ ಸರಿಯಾಗಿ ಹಿಡಿಯುವುದಿಲ್ಲ. ಅಂಚು ಮುಚ್ಚಲು ಹುಳಿವಾಸನೆಯ ಸಿಲಿಕೋನ್ ಬಳಸುವುದು ದೊಡ್ಡ ಪ್ರಮಾದ: ಅದರ ಆಮ್ಲವು ವಿದ್ಯುತ್ ಒಯ್ಯುವ ತಾಮ್ರದ ಪಟ್ಟಿಯನ್ನು ತಿನ್ನುತ್ತದೆ. ಆಮ್ಲರಹಿತ ಸಿಲಿಕೋನನ್ನೇ ಕೇಳಿ ತರಿಸಬೇಕು.

ಆರ್ಡರ್ ಕೊಡುವ ಮುನ್ನ ಮಾದರಿಯನ್ನು ವಿದ್ಯುತ್ ಹಾಯಿಸಿ ಓರೆಯಿಂದಲೂ ನೋಡುವುದು ಲೇಸು. ಎದುರಿನಿಂದ ತಿಳಿಯಾಗಿ ಕಂಡದ್ದು ಪಕ್ಕದಿಂದ ಮಸುಕಾಗಿರುವುದುಂಟು.