ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಅನಂತರ ಕಾಫಿ, ಚಹಾ: ಒಂದು ಪಥ್ಯವಿಚಾರ

ಕಳೆದ ಬೇಸಿಗೆಯಲ್ಲಿ ಐವತ್ತರ ಆಸುಪಾಸಿನ ತಾಯಿಯೊಬ್ಬರು ಮಗನೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ಮೂರು ವಾರಗಳಾಗಿದ್ದವು. ತಲೆಸುತ್ತು, ನಿಶ್ಶಕ್ತಿ, ಬಾಯಿ ಒಣಗುವಿಕೆ. ಮೂತ್ರವು ಅಲ್ಪವಾಗಿ, ಗಾಢ ಹಳದಿಯಾಗಿ ಹೋಗುತ್ತಿತ್ತು. “ನೀರು ಸೇರುವುದಿಲ್ಲ ಡಾಕ್ಟರೇ, ಕಾಫಿಯೊಂದೇ ಸೇರುತ್ತದೆ. ದಿನಕ್ಕೆ ನಾಲ್ಕೈದು ಸಲ ಅದನ್ನೇ ಕುಡಿಯುತ್ತೇನೆ. ಏನಾದರೂ ಕಷಾಯ ಕೊಡಿ” ಎಂದರು. ನಾನು ಕಷಾಯ ಕೊಡಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೆ ಅಂದೇ ಕಳುಹಿಸಿದೆ. ದೇಹದಲ್ಲಿ ನೀರಿನಂಶ ತೀರ ಕುಗ್ಗಿತ್ತು. ಡ್ರಿಪ್ ಹಾಕಿದ ಮೇಲೆ ಚೇತರಿಸಿಕೊಂಡರು.

ಕಾಫಿ ವಿಷವೇ? ಅಲ್ಲ. ಆದರೆ ಈ ಶಸ್ತ್ರಚಿಕಿತ್ಸೆಯ ಅನಂತರ ಜಠರದ ಅಳತೆಯೇ ಬದಲಾಗಿರುತ್ತದೆ. ‘ಸ್ಲೀವ್’ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕುತ್ತಾರೆ. ‘ಬೈಪಾಸ್’ ವಿಧಾನದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇಷ್ಟು ಕಿರಿದಾದ ಸ್ಥಳದಲ್ಲಿ ಪ್ರತಿಯೊಂದು ಗುಟುಕಿಗೂ ಲೆಕ್ಕವಿದೆ. ಕಾಫಿ ಆಕ್ರಮಿಸುವ ಸ್ಥಳ ನೀರಿನದು, ಪ್ರೋಟೀನಿನದು. ಇಂಥವರಿಗೆ ದಿನಕ್ಕೆ ಒಂದೂವರೆ ಲೀಟರಿಗೆ ಕಡಿಮೆಯಿಲ್ಲದಷ್ಟು ದ್ರವಾಹಾರ ಬೇಕು. ಅದೂ ಗುಟುಕು ಗುಟುಕಾಗಿ.

ಆಯುರ್ವೇದಕ್ಕೆ ಈ ವಿವೇಕ ಹೊಸದಲ್ಲ. ವಮನ, ವಿರೇಚನಗಳ ಅನಂತರ ಅಗ್ನಿಯು ಮಂದವಾಗಿರುವುದರಿಂದ ಪೇಯಾ, ವಿಲೇಪಿ, ಯೂಷ ಎಂದು ಮೆಟ್ಟಿಲು ಮೆಟ್ಟಿಲಾಗಿ ಆಹಾರ ಕೊಡುವ ಸಂಸರ್ಜನ ಕ್ರಮವನ್ನು ನಮ್ಮ ಆಚಾರ್ಯರು ವಿಧಿಸಿದ್ದಾರೆ. ಇಲ್ಲಿಯೂ ತಿಳಿನೀರು, ಗಂಜಿಯಂಥ ದ್ರವ, ಮೆತ್ತಗಿನ ಆಹಾರ, ಅನಂತರ ಊಟ ಎಂಬ ಕ್ರಮವಿದೆ. ಕಾಫಿಗೆ ಮೊದಲ ಮೆಟ್ಟಿಲುಗಳಲ್ಲಿ ಸ್ಥಾನವಿಲ್ಲ.

ಕಾಫಿಯು ಆಮ್ಲಸ್ರಾವವನ್ನು ಪ್ರಚೋದಿಸುತ್ತದೆ. ಹೊಲಿಗೆಗಳು ಮಾಯುತ್ತಿರುವ ಜಠರಕ್ಕೆ ಅದು ಹಿತವಲ್ಲ. ಸ್ಲೀವ್ ಮಾಡಿಸಿಕೊಂಡ ಅನೇಕರಲ್ಲಿ ಎದೆಯುರಿಯ ತೊಂದರೆ ಮೊದಲೇ ಇರುತ್ತದೆ. ಆದ್ದರಿಂದ ಮೊದಲ ಒಂದು ತಿಂಗಳಾದರೂ ಕಾಫಿ ಬೇಡವೆಂದು ಅನೇಕ ಶಸ್ತ್ರವೈದ್ಯರು ಹೇಳುತ್ತಾರೆ. ಕೆಲವರು ಇನ್ನೂ ದೀರ್ಘ ಅವಧಿ ಹೇಳಬಹುದು. ಅವರ ಮಾತೇ ಪ್ರಮಾಣ. ದಿನಕ್ಕೆ ನಾಲ್ಕು ಲೋಟ ಕುಡಿಯುವ ಅಭ್ಯಾಸವಿದ್ದವರು ಶಸ್ತ್ರಚಿಕಿತ್ಸೆಗೆ ಮೊದಲೇ ಕ್ರಮೇಣ ಕಡಿಮೆ ಮಾಡಬೇಕು. ಒಮ್ಮೆಗೇ ಬಿಟ್ಟರೆ ತಲೆನೋವು ಕಾಡುತ್ತದೆ.

ಇನ್ನೊಂದು ಮುಖ್ಯ ಸಂಗತಿ ಕಬ್ಬಿಣಾಂಶದ್ದು. ಬೈಪಾಸ್ ಆದವರಲ್ಲಿ ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರುವ ಕರುಳಿನ ಮೊದಲ ಭಾಗಕ್ಕೆ ಆಹಾರ ಹೋಗುವುದೇ ಇಲ್ಲ. ಕಾಫಿ, ಚಹಾಗಳಲ್ಲಿರುವ ಒಗರು ಅಂಶವು ಉಳಿದ ಹೀರಿಕೆಯನ್ನೂ ತಡೆಯುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿಯೊಡನೆ ನುಂಗುವುದೆಂದರೆ ಮಾತ್ರೆಯ ಬಹುಪಾಲನ್ನು ವ್ಯರ್ಥ ಮಾಡಿದಂತೆ. ರಕ್ತಹೀನತೆ ಸದ್ದಿಲ್ಲದೆ ಬರುವ ದಾರಿಯಿದು.

ಪಾಲಿಸಬೇಕಾದ ನಿಯಮಗಳು:

1. ವೈದ್ಯರು ಅನುಮತಿಸಿದ ಮೇಲೆ ಅರ್ಧ ಲೋಟ ತಿಳಿಯಾದ ಕಾಫಿಯಿಂದ ಆರಂಭಿಸಿರಿ. ಎದೆಯುರಿ, ಹೊಟ್ಟೆನೋವು ಕಂಡರೆ ನಿಲ್ಲಿಸಿರಿ.
2. ಸಕ್ಕರೆ, ಬೆಲ್ಲ ಬೇಡ. ಬೈಪಾಸ್ ಆದವರಲ್ಲಿ ಸಿಹಿ ಪಾನೀಯವು ನೇರವಾಗಿ ಕರುಳಿಗೆ ನುಗ್ಗಿ ಎದೆಬಡಿತ, ಬೆವರು, ಹೊಟ್ಟೆ ಮುರಿತ, ಭೇದಿಯನ್ನು ಉಂಟುಮಾಡಬಲ್ಲದು.
3. ಊಟದ ಜೊತೆಗೆ ಯಾವ ಪಾನೀಯವೂ ಬೇಡ; ಊಟವಾಗಿ ಅರ್ಧ ಗಂಟೆ ಕಳೆಯಲಿ.
4. ಕಬ್ಬಿಣದ ಮಾತ್ರೆಗೂ ಕಾಫಿ, ಚಹಾಗಳಿಗೂ ಎರಡು ಗಂಟೆಯ ಅಂತರವಿರಲಿ.
5. ಗ್ರೀನ್ ಟೀಯಲ್ಲಿಯೂ ಕೆಫೀನ್ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದರೆ ಚಿಕೋರಿ ಬೆರೆತ ಕಾಫಿಪುಡಿಯಲ್ಲಿ ಇದ್ದೇ ಇರುತ್ತದೆ. ಕೋಲಾ, ಎನರ್ಜಿ ಡ್ರಿಂಕ್‌ಗಳನ್ನು ಸಂಪೂರ್ಣವಾಗಿ ವರ್ಜಿಸಿರಿ.
6. ಬಿಸಿಯಾಗಿ ಏನಾದರೂ ಬೇಕೆನಿಸಿದರೆ, ವೈದ್ಯರನ್ನು ಕೇಳಿ, ಕೊತ್ತಂಬರಿ ಬೀಜ ಮತ್ತು ಜೀರಿಗೆಯ ತೆಳು ಕಷಾಯವನ್ನು ಬೆಲ್ಲವಿಲ್ಲದೆ ಕುಡಿಯಬಹುದು.

ನಮ್ಮ ಪದ್ಧತಿಯ ಔಷಧಿಯೆಂದು ಚೂರ್ಣ, ಆಸವಗಳನ್ನು ಶಸ್ತ್ರವೈದ್ಯರಿಗೆ ತಿಳಿಸದೆ ಸೇವಿಸಬಾರದು. ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು, ಕಪ್ಪು ಮಲ, ತೀವ್ರ ಹೊಟ್ಟೆನೋವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿರಿ.

ಮನೆಯವರಲ್ಲಿಯೂ ಒಂದು ವಿನಂತಿ. ಮನೆಗೆ ಬಂದವರಿಗೆ ಕಾಫಿ ಕೊಡುವುದು ನಮ್ಮ ಸಂಸ್ಕೃತಿ. ಆದರೆ ಶಸ್ತ್ರಚಿಕಿತ್ಸೆಯಾದವರು ಬೇಡವೆಂದಾಗ “ಒಂದು ಗುಟುಕಿನಿಂದ ಏನಾಗುತ್ತದೆ?” ಎಂದು ಒತ್ತಾಯಿಸದಿರಿ. ಅವರ ಕೈಗೊಂದು ಲೋಟ ಉಗುರುಬೆಚ್ಚಗಿನ ನೀರು ಕೊಡಿರಿ. ಅವರಿಗೆ ಅದೇ ದೊಡ್ಡ ಉಪಚಾರ.